ರೈಸರ್‌ಎಫ್‌ಎಸ್ ಕಂಡರೆ ಮುಂದೆ ಹೋಗದ ಇನ್‌ಸ್ಟಾಲರ್: ಸೂಸೆ ಎಂಟರ್‌ಪ್ರೈಸ್ 15ರ ವಿಮರ್ಶೆ

ಹಳೆಯ ಸರ್ವರನ್ನು ಸೂಸೆ ಕಂಪನಿಯ ಕಾರ್ಯಾಚರಣಾ ವ್ಯವಸ್ಥೆಯಾದ ಸೂಸೆ ಲಿನಕ್ಸ್ ಎಂಟರ್‌ಪ್ರೈಸ್ 15ಕ್ಕೆ ಏರಿಸಲು ಹೊರಟವರಿಗೆ ಅದರ ಇನ್‌ಸ್ಟಾಲರ್ ಕೆಲವೊಮ್ಮೆ ಆರಂಭದಲ್ಲೇ ‘ಆಗದು’ ಎನ್ನುತ್ತದೆ. ಏರಿಸಬೇಕಾದ ವ್ಯವಸ್ಥೆಯಲ್ಲಿ ರೈಸರ್‌ಎಫ್‌ಎಸ್ ಎಂಬ ಹಳೆಯ ಫೈಲ್ ಸಿಸ್ಟಂನ (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವಿಧಾನದ) ಪಾರ್ಟಿಶನ್, ಅಂದರೆ ಡಿಸ್ಕಿನ ಭಾಗ, ಇದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ, ಏಕೆಂದರೆ 2018ರಲ್ಲಿ ಬಂದ ಈ ಆವೃತ್ತಿಯಿಂದ ಆ ಫೈಲ್ ಸಿಸ್ಟಂನ ಬೆಂಬಲವನ್ನು ಸೂಸೆಯ ಅನುಸ್ಥಾಪನಾ ಉಪಕರಣ ಯಾಸ್ಟ್‌ನಿಂದಲೂ ವ್ಯವಸ್ಥೆಯ ತಿರುಳಾದ ಕರ್ನಲ್‌ನಿಂದಲೂ ತೆಗೆದುಹಾಕಲಾಗಿದೆ. ಈ ಇನ್‌ಸ್ಟಾಲರಿನ ಉಳಿದ ಗುಣದೋಷಗಳನ್ನು ಬದಿಗಿಟ್ಟು, ಈ ಒಂದು ನಡವಳಿಕೆಯನ್ನು ಮಾತ್ರ ಇಲ್ಲಿ ಪರಿಶೀಲಿಸಿದ್ದೇನೆ. ನಿಲ್ಲಿಸುವ ನಿರ್ಧಾರ ಸರಿಯಾದದ್ದೆಂದೂ, ನಿಲ್ಲಿಸಿದ ಮೇಲಿನ ದಾರಿಯನ್ನು ಬಳಕೆದಾರನ ತಲೆಗೆ ಕಟ್ಟಿದ್ದು ಸರಿಯಲ್ಲವೆಂದೂ ನನ್ನ ಅಭಿಪ್ರಾಯ.

ರೈಸರ್‌ಎಫ್‌ಎಸ್ ಒಂದು ಕಾಲಕ್ಕೆ ಸೂಸೆಯ ಹೆಮ್ಮೆಯಾಗಿತ್ತು. 2001ರಲ್ಲಿ 2.4.1 ಆವೃತ್ತಿಯೊಂದಿಗೆ ಲಿನಕ್ಸ್‌ನ ಮುಖ್ಯ ಕರ್ನಲ್ ಸೇರಿದ ಮೊದಲ ಜರ್ನಲಿಂಗ್ (ಬದಲಾವಣೆಗಳನ್ನು ಮೊದಲು ದಿನಚರಿಯಂತೆ ಬರೆದಿಟ್ಟುಕೊಳ್ಳುವ) ಫೈಲ್ ಸಿಸ್ಟಂ ಇದೇ. ಅದೇ ಬಗೆಯ ಇನ್ನೊಂದು ಫೈಲ್ ಸಿಸ್ಟಂ ಇಎಕ್ಸ್‌ಟಿ3 ಬಂದದ್ದು ಅದೇ ವರ್ಷದ ಕೊನೆಗೆ. ಕರೆಂಟು ಹೋಗಿ ಬಂದಾಗಲೆಲ್ಲ ಡಿಸ್ಕಿನ ತಪಾಸಣೆ ಮುಗಿಯಲೆಂದು ಕಾದು ಕೂರುತ್ತಿದ್ದವರಿಗೆ ಜರ್ನಲಿಂಗ್ ಎಷ್ಟು ದೊಡ್ಡ ನೆಮ್ಮದಿಯೆಂಬುದನ್ನು, ವಿಶೇಷವಾಗಿ ನಮ್ಮ ಕಡೆಯ ಓದುಗರಿಗೆ, ಬಿಡಿಸಿ ಹೇಳಬೇಕಿಲ್ಲ. ಸೂಸೆ ಎಂಟರ್‌ಪ್ರೈಸ್ 10ರವರೆಗೂ ಇನ್‌ಸ್ಟಾಲರ್ ತಾನಾಗಿ ಆರಿಸುತ್ತಿದ್ದುದು ಇದನ್ನೇ. ಹೀಗಾಗಿ ಆ ಕಾಲದ ಸರ್ವರುಗಳಲ್ಲಿ, ಯಾರೂ ಬೇಕೆಂದು ಕೇಳದಿದ್ದರೂ, ರೈಸರ್‌ಎಫ್‌ಎಸ್ ಕುಳಿತಿರುತ್ತದೆ.

ಇದನ್ನು ರೂಪಿಸಿದ ಹ್ಯಾನ್ಸ್ ರೈಸರ್ ಪತ್ನಿಯ ಕೊಲೆ ಪ್ರಕರಣದಲ್ಲಿ 2008ರಲ್ಲಿ ಅಪರಾಧಿಯೆಂದು ತೀರ್ಮಾನವಾದದ್ದರಿಂದಲೇ ಈ ಫೈಲ್ ಸಿಸ್ಟಂ ಮೂಲೆಗುಂಪಾಯಿತೆಂಬ ಮಾತು ಈಗಲೂ ಕೇಳಿಬರುತ್ತದೆ. ಕಾಲಕ್ರಮ ಆ ಮಾತಿಗೆ ಹೊಂದುವುದಿಲ್ಲ. ಸೂಸೆಯ ಎಂಜಿನಿಯರ್ ಜೆಫ್ ಮಹೋನಿ ಇಎಕ್ಸ್‌ಟಿ3ಗೆ ಬದಲಾಗಬೇಕೆಂದು ಪ್ರಸ್ತಾಪಿಸಿದ್ದು 2006ರ ಸೆಪ್ಟೆಂಬರಿನಲ್ಲಿ, ಅಂದರೆ ರೈಸರ್ ಬಂಧನಕ್ಕೂ ಮುನ್ನ. ಅವರು ಕೊಟ್ಟ ಕಾರಣಗಳು ದೊಡ್ಡ ಯಂತ್ರಗಳಲ್ಲಿ ಇದರ ವೇಗ ಹೆಚ್ಚದಿರುವುದು, ವಿಸ್ತೃತ ಗುಣಲಕ್ಷಣಗಳನ್ನು (ಕಡತಗಳಿಗೆ ಅಂಟಿಸುವ ಹೆಚ್ಚುವರಿ ಮಾಹಿತಿಯನ್ನು) ನಿಭಾಯಿಸುವಲ್ಲಿನ ನಿಧಾನ, ನೋಡಿಕೊಳ್ಳುವವರ ಸಂಖ್ಯೆ ಕುಗ್ಗುತ್ತಿರುವುದು. ಕೊನೆಯ ಕಾರಣವೇ ಮುಂದೆ ಮುಖ್ಯ ಕರ್ನಲ್‌ನಲ್ಲಿಯೂ ನಿರ್ಣಾಯಕವಾಯಿತು. ಕರ್ನಲ್‌ನ ಒಳಗಿನ ವ್ಯವಸ್ಥೆ ಬದಲಾದಾಗಲೆಲ್ಲ ರೈಸರ್‌ಎಫ್‌ಎಸ್ ಸಂಕೇತವನ್ನೂ (ಕೋಡನ್ನೂ) ತಿದ್ದಬೇಕಿತ್ತು, ಆದರೆ ತಿದ್ದಿದ್ದನ್ನು ಪರೀಕ್ಷಿಸಿ ನೋಡುವವರೇ ಇರಲಿಲ್ಲ. 2022ರ 5.18 ಆವೃತ್ತಿಯಲ್ಲಿ ಇದನ್ನು ಕೈಬಿಡುವ ಎಚ್ಚರಿಕೆ ಸೇರಿತು, 2025ರ ಜನವರಿಯಲ್ಲಿ ಬಂದ 6.13ರಲ್ಲಿ ಇಡೀ ಸಂಕೇತವೇ ಹೊರಬಿತ್ತು. ಸೂಸೆಯ ಇನ್‌ಸ್ಟಾಲರ್ ಈ ಹೆಜ್ಜೆಯನ್ನು ಆರು ವರ್ಷಕ್ಕೂ ಹೆಚ್ಚು ಮೊದಲೇ ಇಟ್ಟಿತ್ತೆಂಬುದನ್ನು ಗಮನಿಸಬೇಕು.

ತಡೆ ಇಲ್ಲದಿದ್ದರೆ ಏನಾಗುತ್ತಿತ್ತೆಂದು ಊಹಿಸಿದರೆ ಅದರ ಬೆಲೆ ತಿಳಿಯುತ್ತದೆ. ಪ್ಯಾಕೇಜುಗಳೆಲ್ಲ ಬದಲಾಗಿ, ಹೊಸ ಕರ್ನಲ್ ಕೂತು, ಯಂತ್ರ ಮರುಪ್ರಾರಂಭವಾದ ಬಳಿಕ ವ್ಯವಸ್ಥೆಯೇ ನೆಲೆಸಿರುವ ರೂಟ್ ಪಾರ್ಟಿಶನ್ನನ್ನೇ ಓದಲಾಗದೆ, ಅಪರಿಚಿತ ಫೈಲ್ ಸಿಸ್ಟಂ ಎಂಬ ಒಂದು ಸಾಲಿನ ದೂರಿನೊಂದಿಗೆ ಪರದೆ ನಿಂತುಬಿಡುತ್ತಿತ್ತು. ಅಷ್ಟರಲ್ಲಿ ಹಿಂದಿನ ವ್ಯವಸ್ಥೆಯೂ ಅರ್ಧ ಅಳಿದಿರುತ್ತಿತ್ತು. ದತ್ತಾಂಶ ಡಿಸ್ಕಿನಲ್ಲಿ ಭದ್ರವಾಗಿಯೇ ಇದ್ದರೂ ಅದನ್ನು ತಲುಪುವ ಬಾಗಿಲು ಮುಚ್ಚಿರುತ್ತಿತ್ತು. ಒಂದು ಬೈಟನ್ನೂ ಬರೆಯುವ ಮುನ್ನ ಹಿಂದೆ ಸರಿಯುವ ಇನ್‌ಸ್ಟಾಲರಿಗೆ ಈ ವಿಷಯದಲ್ಲಿ ಪೂರ್ಣ ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ.

ನನ್ನ ತಕರಾರು ಇರುವುದು ಮುಂದಿನ ಹೆಜ್ಜೆಯ ಬಗ್ಗೆ. ಪಾರ್ಟಿಶನ್ನನ್ನು ಬಿಟಿಆರ್‌ಎಫ್‌ಎಸ್ ಎಂಬ ಹೊಸ ಫೈಲ್ ಸಿಸ್ಟಂಗೆ ಪರಿವರ್ತಿಸಿಕೊಳ್ಳಿರೆಂದು ಸೂಸೆಯ ದಾಖಲೆಗಳು ಹೇಳುತ್ತವೆ. ಆ ಕೆಲಸಕ್ಕೆ ಬಿಟಿಆರ್‌ಎಫ್‌ಎಸ್-ಕನ್ವರ್ಟ್ ಎಂಬ ಉಪಕರಣವೂ ಇದೆ. ಇಎಕ್ಸ್‌ಟಿ ಕುಟುಂಬದ ಜೊತೆಗೆ ರೈಸರ್‌ಎಫ್‌ಎಸ್ಸನ್ನೂ ಅದು ಪರಿವರ್ತಿಸಬಲ್ಲದು, ಆದರೆ ಆ ಬೆಂಬಲವನ್ನು ಸೇರಿಸಿ ಕಟ್ಟಿದ ಪ್ರತಿಯಾಗಿದ್ದರೆ ಮಾತ್ರ. ಉಪಕರಣ ಜಾಣತನದ್ದು: ಹಳೆಯ ಫೈಲ್ ಸಿಸ್ಟಂನ ಪೂರ್ಣ ಪ್ರತಿಬಿಂಬವನ್ನು ಪ್ರತ್ಯೇಕ ಸಬ್‌ವಾಲ್ಯೂಮಿನಲ್ಲಿ (ಫೈಲ್ ಸಿಸ್ಟಂನೊಳಗಿನ ಒಳವಿಭಾಗದಲ್ಲಿ) ಉಳಿಸಿಕೊಂಡಿರುತ್ತದೆ. ಇಷ್ಟೆಲ್ಲ ಕೈಯಲ್ಲಿರುವಾಗ, ತಡೆದು ನಿಲ್ಲಿಸಿದ ಪರದೆಯಿಂದಲೇ ಅದನ್ನು ಹಂತಹಂತವಾಗಿ ನಡೆಸಿಕೊಡುವ ಸೌಲಭ್ಯ ಇರಬೇಕಿತ್ತು.

ಪರಿವರ್ತನೆ ತೀರ ಸರಳವೇನಲ್ಲ. ಮೊದಲು ಇಡೀ ಪಾರ್ಟಿಶನ್ನಿನ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಡಬೇಕು, ಬಳಿಕ ರೈಸರ್‌ಎಫ್‌ಎಸ್‌ನ ತಪಾಸಣೆಯನ್ನು ಓದುವ ರೀತಿಯಲ್ಲಿ ಮಾತ್ರ ನಡೆಸಬೇಕು. ತಪಾಸಣೆ ದೋಷ ತೋರಿಸಿದೊಡನೆ ಫೈಲ್ ಸಿಸ್ಟಂನ ಮರದಂಥ ಒಳರಚನೆಯನ್ನು ಮತ್ತೆ ಕಟ್ಟುವ ‘ರೀಬಿಲ್ಡ್-ಟ್ರೀ’ ಆಯ್ಕೆಗೆ ಕೈಹಾಕುವವರು ಒಂದು ಕ್ಷಣ ತಡೆಯಬೇಕು: ಅದೇ ಪಾರ್ಟಿಶನ್ನಿನೊಳಗೆ ಇನ್ನೊಂದು ರೈಸರ್‌ಎಫ್‌ಎಸ್ ಡಿಸ್ಕಿನ ಇಮೇಜ್ ಕಡತವಿದ್ದರೆ, ಆ ಉಪಕರಣ ಎರಡರ ಮರಗಳನ್ನೂ ಬೆರೆಸಿ ಕಲಸುಮೇಲೋಗರ ಮಾಡಬಹುದು. ಪರಿವರ್ತನೆ ಮುಗಿದ ಬಳಿಕವೂ ಒಂದು ತೊಡಕು ಉಳಿದಿರುತ್ತದೆ. ಬಿಟಿಆರ್‌ಎಫ್‌ಎಸ್-ಕನ್ವರ್ಟ್ ತಾನಾಗಿ ಹೊಸ ಯುಯುಐಡಿ (ಫೈಲ್ ಸಿಸ್ಟಂನ ವಿಶಿಷ್ಟ ಗುರುತು ಸಂಖ್ಯೆ) ಕೊಡುವುದರಿಂದ, ಯಾವ ಪಾರ್ಟಿಶನ್ ಎಲ್ಲಿ ಸೇರಬೇಕೆಂದು ವ್ಯವಸ್ಥೆಗೆ ತಿಳಿಸುವ ಎಫ್‌ಎಸ್‌ಟ್ಯಾಬ್ ಕಡತದ ಹಳೆಯ ಗುರುತು ಯಾವುದಕ್ಕೂ ಹೊಂದುವುದಿಲ್ಲ. ಹಳೆಯದನ್ನೇ ಉಳಿಸಿಕೊಳ್ಳುವ ಆಯ್ಕೆಯನ್ನು ಕೇಳಿ ಪಡೆಯಬೇಕು, ಜೊತೆಗೆ ಅದೇ ಸಾಲಿನ ಮೂರನೆಯ ಅಂಕಣದಲ್ಲಿ ಫೈಲ್ ಸಿಸ್ಟಂನ ಹೆಸರನ್ನೂ ತಿದ್ದಬೇಕು. ವರ್ಷಕ್ಕೊಮ್ಮೆ ಇಂತಹ ಕೆಲಸ ಮಾಡುವ ಸಣ್ಣ ಕಚೇರಿಯ ಆಡಳಿತಗಾರನಿಗೆ ಇವೆಲ್ಲ ನೆನಪಿರಬೇಕೆಂದು ನಿರೀಕ್ಷಿಸುವುದು ಹೆಚ್ಚಾಯಿತು.

ಪರಿವರ್ತನೆಯ ಬದಲು ಹೊಸ ಡಿಸ್ಕಿಗೆ ಕಡತಗಳನ್ನು ನಕಲಿಸುವುದೇ ನಾನು ಮೆಚ್ಚುವ ದಾರಿ. ಅಲ್ಲಿ ಜಾಗದ ಲೆಕ್ಕವನ್ನು ಮರೆಯಬಾರದು. ರೈಸರ್‌ಎಫ್‌ಎಸ್ ಪುಟ್ಟ ಕಡತಗಳನ್ನೂ ದೊಡ್ಡ ಕಡತಗಳ ತುದಿಗಳನ್ನೂ ಒಟ್ಟುಗೂಡಿಸಿ ತನ್ನ ಮರದೊಳಗೇ ತುಂಬಿಡುತ್ತಿತ್ತು. ಇ-ಅಂಚೆ ಸರ್ವರುಗಳಲ್ಲಿ ಅದು ಜನಪ್ರಿಯವಾದದ್ದಕ್ಕೆ ಇದೂ ಒಂದು ಕಾರಣ. ಇಎಕ್ಸ್‌ಟಿ4ರ ಸಾಮಾನ್ಯ ಜೋಡಣೆಯಲ್ಲಿ ಇನ್ನೂರು ಬೈಟಿನ ಪತ್ರವೂ 4 ಕಿಲೋಬೈಟಿನ ಒಂದು ಬ್ಲಾಕನ್ನು ಪೂರ್ತಿ ಹಿಡಿಯುತ್ತದೆ. ಬಿಟಿಆರ್‌ಎಫ್‌ಎಸ್ ಪುಟ್ಟ ಕಡತಗಳನ್ನು ಮೆಟಾಡೇಟಾದಲ್ಲೇ (ಕಡತಗಳ ಕುರಿತ ಮಾಹಿತಿಯ ಜಾಗದಲ್ಲೇ) ಇಡಬಲ್ಲದಾದರೂ, ಮೆಟಾಡೇಟಾವನ್ನು ಎರಡು ಪ್ರತಿಗಳಲ್ಲಿ ಇಡುವ ಜೋಡಣೆಯಿದ್ದರೆ ಉಳಿತಾಯದ ಒಂದು ಭಾಗ ಅಲ್ಲಿಯೇ ಸೋರುತ್ತದೆ. ಲಕ್ಷಾಂತರ ಪತ್ರಗಳಿರುವ ಪಾರ್ಟಿಶನ್ನನ್ನು ಅಷ್ಟೇ ಗಾತ್ರದ ಡಿಸ್ಕಿಗೆ ಸಾಗಿಸಲು ಹೊರಟರೆ ನಡುದಾರಿಯಲ್ಲಿ ಜಾಗ ಮುಗಿಯುವ ಸಂಭವವಿದೆ.

ಇನ್ನು ಹೊಸದಾಗಿ ಅನುಸ್ಥಾಪಿಸುವವರ ಸಂಗತಿ ಬೇರೆ. ಮೇಲ್ದರ್ಜೆಗೇರಿಸುವಾಗಿನ ತಡೆಯನ್ನು ಇಲ್ಲಿಯೂ ನಂಬಿಕೊಂಡು ಕೂರಬಾರದು. ಮಾರ್ಗದರ್ಶಿ ವಿಧಾನದಲ್ಲಿ ಈಗಿರುವ ಲಿನಕ್ಸ್ ಪಾರ್ಟಿಶನ್ನುಗಳನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಮುಟ್ಟಬೇಡ, ಅಗತ್ಯವಿದ್ದರೆ ಅಳಿಸು, ಅಗತ್ಯವಿಲ್ಲದಿದ್ದರೂ ಅಳಿಸು ಎಂಬ ಉತ್ತರಗಳಿವೆ. ಇನ್‌ಸ್ಟಾಲರಿನ ಕಣ್ಣಿಗೆ ರೈಸರ್‌ಎಫ್‌ಎಸ್ ಪಾರ್ಟಿಶನ್ ಕೂಡ ಒಂದು ಲಿನಕ್ಸ್ ಪಾರ್ಟಿಶನ್ ಮಾತ್ರ. ಅದರಲ್ಲಿ ಬೇಕಾದ ಕಡತಗಳಿದ್ದರೆ ಆ ಡಿಸ್ಕಿನ ಕೇಬಲ್ ಕಳಚಿಟ್ಟು ಅನುಸ್ಥಾಪನೆಗೆ ಕೂರುವುದು ನನ್ನ ಪದ್ಧತಿ. ಬಳಿಕ ಓದಲು 6.12 ಅಥವಾ ಅದಕ್ಕೂ ಹಳೆಯ ಕರ್ನಲ್‌ನ, ರೈಸರ್‌ಎಫ್‌ಎಸ್ ಮಾಡ್ಯೂಲ್ ಇರುವ ಲೈವ್ ಡಿವಿಡಿ (ಅನುಸ್ಥಾಪಿಸದೆ ನೇರವಾಗಿ ನಡೆಸುವ ಲಿನಕ್ಸ್) ಬೇಕು. ಅಂತಹದೊಂದನ್ನು ಈಗಲೇ ಇಳಿಸಿಟ್ಟುಕೊಂಡಿರುವುದು ಒಳ್ಳೆಯದು.

ಎಚ್ಚರಿಕೆಗೆ ಐದಕ್ಕೆ ಐದು, ಮಾರ್ಗದರ್ಶನಕ್ಕೆ ಐದಕ್ಕೆ ಎರಡು ಎಂಬುದು ನನ್ನ ಲೆಕ್ಕ. ವೃತ್ತಿನಿರತ ಆಡಳಿತಗಾರರಿಗೆ ಈ ಇನ್‌ಸ್ಟಾಲರಿನ ತಡೆ ಅರ್ಧ ದಿನದ ಹೆಚ್ಚುವರಿ ಕೆಲಸವಾದೀತು, ಮನೆಯ ಹಳೆಯ ಕಂಪ್ಯೂಟರನ್ನು ಹೊಸದು ಮಾಡಲು ಕೂತವರು ಮಾತ್ರ ಅನುಭವಿಗಳೊಬ್ಬರನ್ನು ಜೊತೆಗಿಟ್ಟುಕೊಳ್ಳಬೇಕು. ರೈಸರ್‌ಎಫ್‌ಎಸ್ ಇಲ್ಲದವರೂ ಒಂದು ಸಂಗತಿಯನ್ನು ಪರೀಕ್ಷಿಸಿ ನೋಡಬಹುದು. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಂನ ಹಳೆಯ ನಾಲ್ಕನೆಯ ರೂಪವನ್ನು 2030ರ ಸೆಪ್ಟೆಂಬರಿನಲ್ಲಿ ತೆಗೆದುಹಾಕುವುದಾಗಿ ಕರ್ನಲ್‌ನ ದಾಖಲೆಗಳು ಘೋಷಿಸಿವೆ, ಮತ್ತು ಅದನ್ನು ಇದ್ದಲ್ಲಿಯೇ ಹೊಸ ರೂಪಕ್ಕೆ ಬದಲಾಯಿಸುವ ಉಪಕರಣವಿಲ್ಲ. ಎಕ್ಸ್‌ಎಫ್‌ಎಸ್-ಇನ್ಫೋ ಆದೇಶದ ಉತ್ತರದಲ್ಲಿ ಸಿಆರ್‌ಸಿ ಎಂಬುದರ ಮುಂದೆ 0 ಎಂದು ಕಂಡರೆ ನಿಮ್ಮ ಪಾರ್ಟಿಶನ್ ಆ ರೂಪದ್ದು. ಬ್ಯಾಕಪ್ ತೆಗೆದು, ಹೊಸದಾಗಿ ಫಾರ್ಮ್ಯಾಟ್ ಮಾಡಿ, ಕಡತಗಳನ್ನು ಮತ್ತೆ ತುಂಬಿಸಲು ಬಿಡುವಿನ ಒಂದು ವಾರಾಂತ್ಯವನ್ನು ಗೊತ್ತುಮಾಡಿಕೊಳ್ಳಿ.