ಲೆವೆಲ್ 1 ಇಮಿಗ್ರೇಷನ್ ಅಡ್ವೈಸರ್ ಕೋರ್ಸ್: 420 ಪೌಂಡಿಗೆ ಸಿಕ್ಕಿದ್ದೇನು?

ಇಲ್ಲಿ ಲೆಸ್ಟರ್‌ನ ಒಂದು ಸಮುದಾಯ ಭವನದಲ್ಲಿ ಶನಿವಾರ ಶನಿವಾರ ಜನರಿಗೆ ಫಾರಂ ತುಂಬಿಕೊಡುತ್ತೇನೆ. ಕೌನ್ಸಿಲ್ ಟ್ಯಾಕ್ಸ್, ಸ್ಕೂಲ್ ಅಡ್ಮಿಷನ್, ಇಂಥವು. ಒಂದು ದಿನ ಒಬ್ಬ ಹುಡುಗಿ ಬಂದು, "ಅಕ್ಕ, ನನ್ನ ಸ್ಪೌಸ್ ವೀಸಾ ಎಕ್ಸ್‌ಟೆನ್ಷನ್ ಸ್ವಲ್ಪ ನೋಡಿಕೊಡ್ತೀರಾ?" ಅಂದಳು. ನಾನು ಹ್ಞೂಂ ಅನ್ನುವುದರೊಳಗೆ ಪಕ್ಕದ ಟೇಬಲಿನ ಹಿರಿಯರು ತಡೆದರು. ನೋಂದಣಿ ಇಲ್ಲದ ಸಂಸ್ಥೆ ವೀಸಾ ಸಲಹೆ ಕೊಡುವುದು ಬ್ರಿಟನ್ನಿನ 1999ರ ಕಾಯ್ದೆ ಪ್ರಕಾರ ಅಪರಾಧವಂತೆ. ದುಡ್ಡು ತಗೊಳ್ಳದಿದ್ದರೂ ಅಷ್ಟೇ. ಎರಡು ವರ್ಷದವರೆಗೆ ಜೈಲಾಗಬಹುದು. ಅವಳನ್ನು ನೋಂದಾಯಿತ ಅಡ್ವೈಸರ್ ಹತ್ತಿರ ಕಳಿಸಿ, ಮನೆಗೆ ಬಂದು ಲೆವೆಲ್ 1ರ ಕೋರ್ಸ್ ಹುಡುಕಿದೆ. ಅಡ್ವೈಸರ್‌ಗಳಲ್ಲಿ ಮೂರು ಹಂತ, ಸರಳ ಕೇಸುಗಳಷ್ಟೇ ನೋಡುವ ಮೊದಲ ಹಂತ ಇದು.

ಸಂಸ್ಥೆಯ ಹೆಸರು ಹೇಳಲ್ಲ. ಖಾಸಗಿಯವರು. ಆರು ಭಾನುವಾರ, ಆನ್‌ಲೈನ್ ಪಾಠ, 420 ಪೌಂಡ್.

ಮೊದಲು ಬೈದುಬಿಡುತ್ತೇನೆ. 'ಆರೇ ವಾರದಲ್ಲಿ ಅಡ್ವೈಸರ್ ಆಗಿ' ಅಂತ ಜಾಹೀರಾತು. ಹಾಗೆಲ್ಲ ಆಗಲ್ಲ. ಅಡ್ವೈಸರ್‌ಗಳನ್ನು ನೋಂದಾಯಿಸುವ ಸರ್ಕಾರಿ ಸಂಸ್ಥೆ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯ ಪರೀಕ್ಷೆ ಪಾಸಾಗಬೇಕು (2025ರ ಜನವರಿವರೆಗೆ ಇದನ್ನೇ ಓಐಎಸ್‌ಸಿ ಅನ್ನುತ್ತಿದ್ದರು). ಆಮೇಲೂ ಒಂದು ಸಂಸ್ಥೆಯ ಮೂಲಕ ನೋಂದಣಿ ಆಗಬೇಕು. ಇವರು ಕೊಡುವ ಸರ್ಟಿಫಿಕೇಟ್ ಗೋಡೆಗೆ ಚೆಂದ, ಅಷ್ಟೇ. ಮೊದಲ ಎರಡು ಕ್ಲಾಸಿನಲ್ಲಿ ಅಥಾರಿಟಿ ವೆಬ್‌ಸೈಟಿನಲ್ಲಿ ಬಿಟ್ಟಿ ಸಿಗುವ ಗೈಡೆನ್ಸನ್ನೇ ಸ್ಲೈಡಿಗೆ ಹಾಕಿ ಓದಿದರು. ನಾನು ಕ್ಯಾಮೆರಾ ಆಫ್ ಮಾಡಿ ಚಪಾತಿ ಹಿಟ್ಟು ಕಲಸಿದೆ.

ಮೂರನೇ ವಾರ ಬೇರೆ ಟೀಚರ್ ಬಂದರು. ಲೆವೆಲ್ 3ರವರು, ಅಂದರೆ ವೀಸಾ ಅಪೀಲು ಕೇಳುವ ಟ್ರಿಬ್ಯುನಲ್‌ನಲ್ಲಿ ವಾದ ಮಾಡುವವರು. ನಮ್ಮ ನೋಟ್ಸಿನಲ್ಲಿ ಸ್ಪೌಸ್ ವೀಸಾಕ್ಕೆ ವರ್ಷಕ್ಕೆ 18,600 ಪೌಂಡ್ ಆದಾಯ ಸಾಕು ಅಂತಿತ್ತು. 2024ರ ಏಪ್ರಿಲ್ 11ರಿಂದ ಅದು 29,000 ಆಗಿದೆ, ನೋಟ್ಸ್ ಹಳೇದು ಅಂತ ನಾನು ತಕರಾರು ತೆಗೆದೆ. ಅವರು ನಕ್ಕರು. ಆ ತಾರೀಖಿಗೆ ಮುಂಚೆಯೇ ಅರ್ಜಿ ಹಾಕಿ ವೀಸಾ ಪಡೆದವರು ಅದೇ ಸಂಗಾತಿಯ ಜೊತೆ ಮುಂದುವರಿಸುವಾಗ ಈಗಲೂ 18,600ರ ಲೆಕ್ಕವೇ. ಹಾಗಾಗಿ ಮೊದಲು ಕೇಳಬೇಕಾದ್ದು ಸಂಬಳ ಅಲ್ಲ, ಮೊದಲ ಅರ್ಜಿಯ ತಾರೀಖು. ಭವನಕ್ಕೆ ಬಂದ ಹುಡುಗಿ ನೆನಪಾದಳು. ಅವಳು ಸ್ಪೌಸ್ ವೀಸಾದಲ್ಲಿ ಈ ದೇಶಕ್ಕೆ ಬಂದದ್ದು 2023ರಲ್ಲಿ. ನಾನು 29,000 ಅಂದು ಅವಳನ್ನು ಹೆದರಿಸಿ ಕಳಿಸುತ್ತಿದ್ದೆ!

ಆಮೇಲೊಂದು ಕೇಸ್ ಕೊಟ್ಟರು. ಗಂಡನ ಸಂಬಳ 31,000, ಆರು ತಿಂಗಳ ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಸರಿಯಾಗಿದೆ. ನಾನು ಹನ್ನೊಂದು ವರ್ಷ ಪೇರೋಲ್‌ನಲ್ಲಿ ದುಡಿದವಳು. ಪೇಸ್ಲಿಪ್ ಕಂಡರೆ ಕೈ ಸುಮ್ನಿರಲ್ಲ. ಪಟಪಟ ಕೂಡಿಸಿ, ವೀಸಾ ಸಿಗುತ್ತೆ ಅಂತ ಎಲ್ಲರಿಗಿಂತ ಮೊದಲು ಬರೆದೆ. ಹೆಂಡತಿಯ ವೀಸಾ ಮುಗಿದು 40 ದಿನ ಆಗಿದೆ ಅನ್ನುವುದು ಎರಡನೇ ಸಾಲಿನಲ್ಲೇ ಇತ್ತು. ಅವಧಿ ಮೀರಿ ಉಳಿದವರ ಕೇಸನ್ನು ಲೆವೆಲ್ 1ರವರು ಮುಟ್ಟುವ ಹಾಗಿಲ್ಲ. ಲೆವೆಲ್ 2ರವರಿಗೋ ಸಾಲಿಸಿಟರ್‌ಗೋ ಕಳಿಸಬೇಕು. ಕ್ಲಾಸಿನಲ್ಲಿದ್ದ ಹದಿನಾಲ್ಕು ಜನರಲ್ಲಿ ಇದನ್ನು ಗಮನಿಸಿದವರು ಇಬ್ಬರೇ. ಅಸೈಲಂ (ಆಶ್ರಯ ಕೇಳುವವರ ಕೇಸು), ಅಪೀಲು ಕೂಡ ನಮ್ಮದಲ್ಲ. ಎಲ್ಲಿ ಕೈ ತೆಗೆಯಬೇಕು ಅಂತ ಆಯಮ್ಮ ಮೂರು ವಾರ ತಲೆಗೆ ಹೊಡೆದರು. ನನ್ನ ದುಡ್ಡು ಅಲ್ಲಿ ವಸೂಲಾಯಿತು.

ಕೊನೇ ವಾರ ಮತ್ತೆ ಸಪ್ಪೆ. ನೋಂದಣಿಗೆ ಕೊಟ್ಟಿದ್ದು ಅರ್ಧ ಗಂಟೆ. ಕ್ಲೈಂಟ್ ಕೇರ್ ಲೆಟರ್ (ಏನು ಕೆಲಸ ಮಾಡಿಕೊಡುತ್ತೇವೆ ಅಂತ ಕ್ಲೈಂಟಿಗೆ ಕೊಡುವ ಪತ್ರ) ಹೇಗೆ ಬರೆಯಬೇಕು, ಇನ್ಶೂರೆನ್ಸ್ ಯಾವುದು ತಗೋಬೇಕು, ದೂರು ಬಂದರೆ ಏನು ಮಾಡಬೇಕು ಅಂತ ಕೇಳಿದರೆ ಒಂದು ಲಿಂಕ್ ಕಳಿಸಿದರು. ಕಷ್ಟ ಇರುವುದೇ ಅಲ್ಲಿ, ಅಲ್ವಾ?

ಐದಕ್ಕೆ ಮೂರು ಸ್ಟಾರ್. ಸೇರುವ ಮುಂಚೆ, ಪಾಠ ಮಾಡುವವರು ಈಗಲೂ ಕೇಸ್ ನಡೆಸುತ್ತಾರಾ ಅಂತ ಕೇಳಿ. ಇಲ್ಲ ಅಂದರೆ ಗೈಡೆನ್ಸ್ ನೀವೇ ಓದಿಕೊಳ್ಳಿ.

ನಾನು ಪರೀಕ್ಷೆ ಪಾಸಾದೆ. ಭವನದ ನೋಂದಣಿ ಅರ್ಜಿ ಇನ್ನೂ ಅಥಾರಿಟಿ ಹತ್ತಿರವೇ ಇದೆ. ಅಲ್ಲಿವರೆಗೆ ಶನಿವಾರ ನನ್ನ ಟೇಬಲಿನಲ್ಲಿ ಕೌನ್ಸಿಲ್ ಟ್ಯಾಕ್ಸ್ ಮಾತ್ರ.