ಸದ್ದಿಲ್ಲದ ದೋಣಿ, ಸುದ್ದಿಯಾಗಬಾರದ ದೋಣಿ: ಮೂರು ವರ್ಷ ಓಡಿಸಿದ ಮೇಲೆ

ಮೂಡಿಗೆರೆ ಕಡೆಯ ನಮ್ಮ ತೋಟದ ಕೆರೆಯಲ್ಲಿ ಹತ್ತಡಿಯ ಹಳೇ ಫೈಬರ್ ದೋಣಿ ಇದೆ. ಮೂರು ವರ್ಷದ ಹಿಂದೆ ಅದರ ಪೆಟ್ರೋಲ್ ಎಂಜಿನ್ ಬಿಚ್ಚಿ ಬ್ಯಾಟರಿ ಮೋಟರ್ ಕೂರಿಸಿದೆ. ಊರಲ್ಲಿ ಇದು ಗೊತ್ತಿರೋದು ನಾಲ್ಕೈದು ಜನಕ್ಕೆ ಮಾತ್ರ.

ಮುಚ್ಚಿಡೋಕೆ ಅದೇನು ನಿಧಿನಾ ಅಂತೀರಾ? ಮೊದಲು ನಾನೂ ಹಾಗೇ ಅಂದ್ಕೊಂಡಿದ್ದೆ. ಕೂರಿಸಿದ ವಾರವೇ ಮನೆಯವಳು ಸ್ಟೇಟಸ್‌ಗೆ ಫೋಟೋ ಹಾಕಿದಳು. ಸಂಜೆಯೊಳಗೆ ಮೂರು ಫೋನು. ಮೊದಲನೆಯದು ಹೋಂಸ್ಟೇಯವರದು, "ನಮ್ ಗೆಸ್ಟುಗಳಿಗೆ ಒಂದು ರೌಂಡ್ ಹಾಕಿಸ್ತೀರಾ ಸಾರ್?" ಎರಡನೆಯದು ಬೆಂಗಳೂರಿನ ಭಾವನದು, ಮಕ್ಕಳ ಸಮೇತ ಬರ್ತಾರಂತೆ. ಮೂರನೆಯವನು ಬ್ಯಾಟರಿಗೆ ಎಷ್ಟಾಯ್ತು, ರಾತ್ರಿ ಎಲ್ಲಿಡ್ತೀರಿ ಅಂತ ಕೇಳಿದ. ಆ ಪ್ರಶ್ನೆ ನನಗೆ ಹಿಡಿಸಲಿಲ್ಲ. ಸ್ಟೇಟಸ್ ಅಳಿಸಿದ್ದಾಯಿತು. ಅವತ್ತಿನಿಂದ ಮೋಟರ್ ಮೇಲೆ ಗೋಣಿಚೀಲ. ಬ್ಯಾಟರಿ ಮನೆಯೊಳಗೆ.

ದೋಣಿ ಮೋಜಿಗೇನೂ ಅಲ್ಲ. ಫೆಬ್ರವರಿ-ಮಾರ್ಚ್‌ನಲ್ಲಿ ಕಾಫಿ ಹೂವು ಅರಳಿಸುವ ಹೂಮಳೆ ಬರದಿದ್ದರೆ ರೋಬಸ್ಟಾ ಕಾಫಿಗೆ ಜೆಟ್ (ಸ್ಪ್ರಿಂಕ್ಲರ್ ನೀರು) ಹಾಕಲೇಬೇಕು. ಆಗಲೇ ಪಂಪಿನ ಫುಟ್‌ವಾಲ್ವ್‌ಗೆ, ಅಂದರೆ ನೀರೆಳೆಯುವ ಪೈಪಿನ ತುದಿಗೆ, ಅಂತರಗಂಗೆ ಕಳೆಯ ಬೇರು ಸುತ್ತಿಕೊಳ್ಳೋದು. ನಡುಕೆರೆಗೆ ಹೋಗಿ ಬಿಡಿಸಬೇಕು. ಪೆಟ್ರೋಲ್ ಎಂಜಿನ್ ಇದ್ದಾಗ ನೀರ ಮೇಲೆ ಎಣ್ಣೆಯ ಬಣ್ಣ ತೇಲುತ್ತಿತ್ತು. ಈಗ ಅದಿಲ್ಲ.

ಮೋಟರ್ 12 ವೋಲ್ಟಿನದು. ಬ್ಯಾಟರಿ 100 ಆಂಪಿಯರ್-ಅವರ್‌ನ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್. ಎಲ್ಲಾ ಸೇರಿ 65 ಸಾವಿರದ ಆಸುಪಾಸು. ಫುಲ್ ಸ್ಪೀಡಲ್ಲಿ 50 ಆಂಪಿಯರ್ ಎಳೆಯುತ್ತೆ, ಎರಡು ಗಂಟೆಯಲ್ಲಿ ಖಾಲಿ. ಎರಡನೇ ನಂಬರಿನಲ್ಲಿ ಬಿಟ್ಟರೆ ಆರು ಗಂಟೆ ಆರಾಮ. ಬೇಗ ಹೋಗಿ ಮಾಡೋದೇನಿದೆ, ಕೆರೆ ಎಲ್ಲಿಗೂ ಓಡಿಹೋಗಲ್ಲ. ಇದೇ ಅಳತೆಯ ಟ್ಯೂಬುಲರ್ (ಯುಪಿಎಸ್‌ಗೆ ಹಾಕೋ ಲೆಡ್) ಬ್ಯಾಟರಿ ಎತ್ತೋಕೆ ಇಬ್ಬರು ಬೇಕು. ಇದನ್ನು ಒಂದೇ ಕೈಯಲ್ಲಿ ಮನೆಗೆ ತರ್ತೀನಿ. ಗುಟ್ಟು ಉಳಿದಿರೋದೇ ಹೀಗೆ.

ತೊಂದರೆ ಆಗಲಿಲ್ಲ ಅಂತಲ್ಲ. ಮಾರಿದವರು ಕೊಟ್ಟ ಚಾರ್ಜರ್ ಲೆಡ್ ಬ್ಯಾಟರಿಯದು. ಚಾರ್ಜ್ ಆಗ್ತಾ ಆಗ್ತಾ ಬ್ಯಾಟರಿ ಪಟ್ ಅಂತ ಕಟ್ ಆಗೋದು. ಫೋನ್ ಮಾಡಿದರೆ "ಮಲೆನಾಡ ಥಂಡಿ ಸಾರ್" ಅಂದರು. ಏಪ್ರಿಲ್‌ನಲ್ಲಿ! ಕೊನೆಗೆ ಎಲ್‌ಎಫ್‌ಪಿಗೆ ಹೊಂದುವ 14.6 ವೋಲ್ಟಿನದು ತರಿಸಿದ ಮೇಲೆ ಸರಿಹೋಯ್ತು. ವೈರ್ ಕೂಡ ತೆಳುವಾಗಿತ್ತು, ಮುಟ್ಟಿದರೆ ಕೈ ಸುಡುತ್ತಿತ್ತು. ದಪ್ಪದ್ದು ಹಾಕಿ, ಬ್ಯಾಟರಿ ಪಕ್ಕದಲ್ಲೇ 60 ಆಂಪಿಯರ್ ಬ್ರೇಕರ್ ಕೂರಿಸಿದೆ. ಎರಡನೇ ವರ್ಷ ಮೋಟರಿಗೆ ನೀರು ಹೋಯ್ತು. ಫ್ಯಾನ್ ಬಿಚ್ಚಿ ನೋಡಿದರೆ ಯಾರದೋ ಗಾಳದ ತಂಗೂಸಿ ಶಾಫ್ಟಿಗೆ ಸುತ್ತಿಕೊಂಡು ರಬ್ಬರ್ ಸೀಲನ್ನೇ ಕೊಯ್ದಿತ್ತು. ಈಗ ತಿಂಗಳಿಗೊಮ್ಮೆ ಬಿಚ್ಚಿ ನೋಡ್ತೀನಿ. ಎರಡು ನಿಮಿಷದ ಕೆಲಸ.

ನನ್ನದು ತೋಟದೊಳಗಿನ ಕೆರೆ. ಹೊಳೆಗೋ ಡ್ಯಾಮಿನ ಹಿನ್ನೀರಿಗೋ ಇಳಿಸುವವರು ನೋಂದಣಿ ವಿಷಯ ಮೊದಲು ವಿಚಾರಿಸಿಕೊಳ್ಳಿ. ನಾನು ಹೇಳ್ತಿರೋದು ನೆಂಟರಿಂದ ಮುಚ್ಚಿಡೋದು, ಸರ್ಕಾರದಿಂದಲ್ಲ. ಲೈಫ್ ಜಾಕೆಟ್ ಅಂತೂ ಬೇಕೇ ಬೇಕು.

ಇದರ ಮೌನವೇ ದೊಡ್ಡ ಸುಖ. ನೀರುಕಾಗೆ ಹತ್ತಡಿ ದೂರದಲ್ಲಿ ರೆಕ್ಕೆ ಹರಡಿ ಕೂತಿದ್ದರೂ ಏಳಲ್ಲ. ಆದರೆ ಒಂದು ಬೆಳಗ್ಗೆ ಮಂಜಿನಲ್ಲಿ ಪಂಪ್‌ಹೌಸ್ ಹತ್ತಿರ ಹೋದೆ. ಒಳಗೆ ರೈಟರ್ (ತೋಟದ ಲೆಕ್ಕ ಬರೆಯುವವನು) ಮತ್ತು ಪಂಪಿನ ಹುಡುಗ ನನ್ನ ಬಗ್ಗೆಯೇ ಮಾತಾಡ್ತಿದ್ದರು. "ಸಾವ್ಕಾರ್ರು ಬೋನಸ್ ಅಂದ್ರೆ ಕಿವಿ ಕೇಳಲ್ಲ, ಮೀನು ಕದ್ರೆ ಮಾತ್ರ ಕೇಳುತ್ತೆ." ಮೋಟರ್ ಹಿಂದಕ್ಕೆ ತಿರುಗಿಸಿ ಬಂದ ದಾರಿಯಲ್ಲೇ ವಾಪಸಾದೆ. ಆ ಸಲ ಬೋನಸ್ ಸ್ವಲ್ಪ ಜಾಸ್ತಿನೇ ಕೊಟ್ಟೆ. ಈಗ ಆ ಕಡೆ ಹೋಗುವಾಗ ಕೆಮ್ಮಿಕೊಂಡು ಹೋಗ್ತೀನಿ.

ಮಳೆಗಾಲದಲ್ಲಿ ದೋಣಿ ಮಗುಚಿ ಇಡ್ತೀವಿ. ಬ್ಯಾಟರಿಗೆ ಮನೆಯಲ್ಲಿ 12 ವೋಲ್ಟಿನ ಎಲ್‌ಇಡಿ ಬಲ್ಬು ಹಾಕಿದ್ದೀವಿ. ಕಳೆದ ಜುಲೈನಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಎದುರು ಗುಡ್ಡದ ಮನೆಯವರು ಫೋನ್ ಮಾಡಿದರು: "ನಿಮ್ಮನೇಲಿ ಮಾತ್ರ ಲೈಟ್ ಉರೀತಿದೆಯಲ್ಲ, ಹೇಗೆ?"

ಹಳೇ ಯುಪಿಎಸ್ ಅಂದೆ.