ಜಿಪ್ಸಿಗೆ ಸ್ವಿಫ್ಟ್ ಎಂಜಿನ್ ಕೂರಿಸುವವರೇ, ಮೊದಲು ವೈರಿಂಗ್ ನೋಡಿ

ಕಾರ್ಬೊರೇಟರ್ ಜಿಪ್ಸಿಗೆ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ ಹಾಕಿಸಬೇಕು ಅಂತ ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. "ಹೊಸ ಜಿಪ್ಸಿ, ಸ್ವಿಫ್ಟ್ ಎರಡರದ್ದೂ ಜಿ13ಬಿಬಿ ಎಂಜಿನ್, ಕಣ್ಣು ಮುಚ್ಚಿಕೊಂಡು ಕೂರಿಸಬಹುದು" ಅನ್ನುವ ಒಂದು ಮಾತನ್ನು ನಂಬಿ ನಾನು ಏಳು ತಿಂಗಳು ಅಲೆದೆ, 1,80,000 ರೂಪಾಯಿ ಕಳೆದುಕೊಂಡೆ. ದುಡ್ಡು ಹೋದದ್ದಕ್ಕಿಂತ ಹೆಚ್ಚಿಗೆ ಕಾಡುವುದು ಬೇರೆ. ಹೆಂಡತಿ, ಮಗಳು ಕೂತಿದ್ದ ಗಾಡಿಗೆ ಶಿರಾಡಿ ಘಾಟಿಯಲ್ಲಿ ಬೆಂಕಿ ಹತ್ತಬಹುದಿತ್ತು.

ನಮ್ಮದು ಸಕಲೇಶಪುರದ ಕಡೆ ತೋಟ. ಗಾಡಿ 1998ರ ಜಿಪ್ಸಿ ಕಿಂಗ್, ಅಪ್ಪ ತೆಗೆದುಕೊಂಡದ್ದು. 1.3 ಲೀಟರ್ ಕಾರ್ಬೊರೇಟರ್ ಎಂಜಿನ್. ಒಮ್ಮೆ ಬೋರ್ ಮಾಡಿಸಿಯೂ ಆಗಿತ್ತು, ಮತ್ತೆ ಹೊಗೆ, ಮತ್ತೆ ಆಯಿಲ್ ಕುಡಿತ. ಜಿಪ್ಸಿಗೇ 2000ದಲ್ಲಿ 16 ವಾಲ್ವಿನ ಎಂಪಿಎಫ್‌ಐ ಎಂಜಿನ್ ಬಂತು. ಅದೇ ಜಿ13ಬಿಬಿ ಹೆಸರಿನ ಎಂಜಿನ್ 2005ರಲ್ಲಿ ಬಂದ ಮೊದಲ ಸ್ವಿಫ್ಟಿನಲ್ಲೂ ಇತ್ತು. ಎಂಪಿಎಫ್‌ಐ ಜಿಪ್ಸಿಯ ಎಂಜಿನ್ ಗುಜರಿಯಲ್ಲಿ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಸ್ವಿಫ್ಟಿನದ್ದು ಬೇಕಾದಷ್ಟು.

ಗ್ಯಾರೇಜಿನವನು ಹೇಳಿದ: "ಸಾರ್, ನಂಬರ್ ನೋಡಿ, ಒಂದೇ ಎಂಜಿನ್. ವೈರಿಂಗ್ ನನಗೆ ಬಿಡಿ." ಬೆಂಗಳೂರಿನ ಗುಜರಿ ಅಂಗಡಿಯಿಂದ ಎಂಜಿನ್ ಬಂತು. ಜೊತೆಗೆ ಡ್ಯಾಶ್‌ಬೋರ್ಡಿನ ಹತ್ತಿರ ಕತ್ತರಿಸಿದ ವೈರಿಂಗ್, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಇಸಿಎಂ, ಅಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರ್ ಪೆಟ್ಟಿಗೆ. ಆ ಇಸಿಎಂ ಅದೇ ಗಾಡಿಯದ್ದೋ ಅಲ್ಲವೋ ಅಂತ ಕೇಳುವ ಬುದ್ಧಿ ನನಗೆ ಬರಲಿಲ್ಲ. ಕತ್ತರಿಸಿದ ವೈರಿಂಗ್ ಕಂಡ ಆ ಗಳಿಗೆಯಲ್ಲೇ ಎಂಜಿನ್ ವಾಪಸ್ ಕಳಿಸಬೇಕಿತ್ತು.

ಫ್ಲೈವೀಲ್, ಸಂಪು, ಮೌಂಟಿಂಗ್ ಎಲ್ಲ ಹೊಂದಿಸಿ ಕೂರಿಸಿದರು. ಆ ಕೆಲಸ ಚೆನ್ನಾಗಿಯೇ ಆಯಿತು. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ. ಪ್ಲಗ್ ಬದಲಾಯಿಸಿದರು, ಕಾಯಿಲ್ ಬದಲಾಯಿಸಿದರು, ಹೊಸ ಪೆಟ್ರೋಲ್ ಪಂಪ್ ಹಾಕಿದರು. ಹನ್ನೆರಡು ದಿನ ಹೀಗೇ ಹೋಯಿತು, ಪ್ರತಿಯೊಂದಕ್ಕೂ ನನ್ನ ಜೇಬಿನಿಂದ ದುಡ್ಡು. ಕೊನೆಗೆ ಗೊತ್ತಾದದ್ದು, ಸ್ವಿಫ್ಟಿನಲ್ಲಿ ಐಕ್ಯಾಟ್ಸ್ ಅನ್ನುವ ಕಳ್ಳತನ ತಡೆಯುವ ವ್ಯವಸ್ಥೆ ಇದೆ. ಕೀಲಿಯೊಳಗೆ ಚಿಪ್ ಇರುತ್ತದೆ, ಕೀಲಿ ತೂತಿನ ಸುತ್ತ ಅದನ್ನು ಓದುವ ಸುರುಳಿ ಇರುತ್ತದೆ. ಚಿಪ್ಪಿನ ಗುರುತು ಸರಿಹೊಂದದಿದ್ದರೆ ಇಸಿಎಂ ಎಂಜಿನ್ನನ್ನು ಹತ್ತಿಕೊಳ್ಳಲು ಬಿಡುವುದಿಲ್ಲ. ನಮ್ಮ ಹತ್ತಿರ ಕೀಲಿಯೂ ಇಲ್ಲ, ಸುರುಳಿಯೂ ಇಲ್ಲ. ಕಳ್ಳನನ್ನು ತಡೆಯಲು ಮಾಡಿದ ಬೀಗ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು.

ಇಲ್ಲಿಂದ ಮುಂದೆ ಆದದ್ದೇ ದೊಡ್ಡ ಅನಾಹುತ. "ಹಾಗಾದರೆ ಜಿಪ್ಸಿ ಇಸಿಎಂ ಹಾಕೋಣ, ಅದಕ್ಕೆ ಚಿಪ್ ಬೇಡ" ಅಂದ ಗ್ಯಾರೇಜಿನವನು. ಇನ್ನೊಂದು 14,000 ಕೊಟ್ಟು ಹಳೇ ಎಂಪಿಎಫ್‌ಐ ಜಿಪ್ಸಿಯ ಇಸಿಎಂ ತರಿಸಿದೆ. ಸ್ವಿಫ್ಟ್ ವೈರಿಂಗಿನ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಅದಕ್ಕೆ ಕೂರಲಿಲ್ಲ. ಕಪ್ಲರ್ ಕೂರದಿದ್ದರೆ ಅದು ನಮಗೆ ಸಿಕ್ಕ ಎಚ್ಚರಿಕೆ, ಅಲ್ಲಿಗೇ ನಿಲ್ಲಿಸಬೇಕು. ಆತ ಕಪ್ಲರನ್ನೇ ಕತ್ತರಿಸಿ, ವೈರಿನ ಬಣ್ಣ ನೋಡಿ ಬಣ್ಣಕ್ಕೆ ಬಣ್ಣ ಸೇರಿಸಿ ಟೇಪ್ ಸುತ್ತಿದ. ಕೀಲಿ ತಿರುಗಿಸಿದ ತಕ್ಷಣ ಇಸಿಎಂನಿಂದ ಸುಟ್ಟ ವಾಸನೆ ಬಂತು.

ಯಾಕೆ ಸುಟ್ಟಿತು ಅನ್ನುವುದನ್ನು ಹಾಸನದ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ತೋರಿಸಿಕೊಟ್ಟರು. ಅವರು ಸ್ಕ್ಯಾನರ್ ತೆಗೆಯಲೇ ಇಲ್ಲ, ಮಲ್ಟಿಮೀಟರ್ ತೆಗೆದರು. ಥ್ರಾಟಲ್ ಸೆನ್ಸರಿಗೂ ಮ್ಯಾನಿಫೋಲ್ಡಿನ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿಗೂ ಮೂರು ಮೂರು ವೈರು. ಒಂದರಲ್ಲಿ ಇಸಿಎಂ ಕೊಡುವ 5 ವೋಲ್ಟ್, ಇನ್ನೊಂದು ಸೆನ್ಸರಿನ ಅರ್ತ್, ಮೂರನೆಯದು ಸಿಗ್ನಲ್. ನಮ್ಮ ಗಾಡಿಯಲ್ಲಿ ಆ 5 ವೋಲ್ಟಿನ ವೈರಿಗೆ ಬ್ಯಾಟರಿಯ 12 ವೋಲ್ಟ್ ಸೇರಿಸಿದ್ದರು. ಇಸಿಎಂ ಜೊತೆಗೆ ಎರಡೂ ಸೆನ್ಸರ್ ಹೋಗಿದ್ದವು. ಇಂಜೆಕ್ಟರಿನದ್ದು ಇನ್ನೂ ಭಯದ ಕತೆ. ಕೀಲಿ ಹಾಕಿದರೆ ಇಂಜೆಕ್ಟರಿನ ಒಂದು ಕಡೆ ಯಾವಾಗಲೂ 12 ವೋಲ್ಟ್ ಇರುತ್ತದೆ, ಇನ್ನೊಂದು ಕಡೆಗೆ ಇಸಿಎಂ ಅರ್ತ್ ಕೊಟ್ಟಷ್ಟು ಹೊತ್ತು ಮಾತ್ರ ಅದು ತೆರೆಯಬೇಕು. ಒಂದು ಇಂಜೆಕ್ಟರಿನ ಆ ವೈರು ನೇರ ಬಾಡಿಗೆ ತಗಲಿತ್ತು. ಅಂದರೆ ಕೀಲಿ ಹಾಕಿದಷ್ಟು ಹೊತ್ತೂ ಆ ಸಿಲಿಂಡರಿಗೆ ಪೆಟ್ರೋಲ್ ಸುರಿಯುತ್ತಲೇ ಇತ್ತು. ಪ್ಲಗ್ ಬಿಚ್ಚಿದರೆ ಒದ್ದೆ, ಆಯಿಲ್ ಕಡ್ಡಿಯಲ್ಲಿ ಪೆಟ್ರೋಲ್ ವಾಸನೆ.

"ನೋಡಿ ಸ್ವಾಮಿ, ಬಣ್ಣ ನಂಬಬೇಡಿ. ಯಾವ ಪಿನ್ನಿಗೆ ಏನು ಅನ್ನುವ ಚಾರ್ಟ್ ಇಲ್ಲದೆ ಇಸಿಎಂ ಕಪ್ಲರ್ ಚುಚ್ಚಲೇಬೇಡಿ" ಅಂದರು. ಅವರ ಕ್ರಮ ಹೀಗಿತ್ತು. ಇಸಿಎಂ ಬಿಚ್ಚಿಟ್ಟು, ಬರೀ ಕಪ್ಲರಿನಲ್ಲಿ ಮೊದಲು ಕರೆಂಟ್ ನೋಡುವುದು: ಕೀಲಿ ತೆಗೆದಾಗಲೂ ಬ್ಯಾಟರಿ ಕರೆಂಟ್ ಬರಬೇಕಾದ ಪಿನ್ ಯಾವುದು, ಕೀಲಿ ಹಾಕಿದಾಗ ಮಾತ್ರ ಬರಬೇಕಾದದ್ದು ಯಾವುದು, ಸೆಲ್ಫ್ ಹೊಡೆಯುವಾಗಲೂ ಅದು ನಿಲ್ಲುತ್ತದೆಯೋ ಇಲ್ಲವೋ. ಆಮೇಲೆ ಎಲ್ಲ ಅರ್ತ್ ಪಿನ್ನುಗಳು. ಆಮೇಲೆ ಪ್ರತಿ ಸೆನ್ಸರಿನ ಕಪ್ಲರಿನಿಂದ ಇಸಿಎಂ ಕಪ್ಲರಿನವರೆಗೆ ಒಂದೊಂದೇ ವೈರು. 5 ವೋಲ್ಟಿನ ವೈರಿನಲ್ಲಿ 12 ಇಲ್ಲ ಅಂತ ಖಾತ್ರಿಯಾದ ಮೇಲೆಯೇ ಇಸಿಎಂ ಕೂರಿಸುವುದು. ಎರಡು ದಿನದ ಕೆಲಸ. ನನ್ನ ಗ್ಯಾರೇಜಿನವನು ಆ ಎರಡು ದಿನ ಉಳಿಸಲು ಹೋಗಿ ನನ್ನ ಏಳು ತಿಂಗಳು ತಿಂದ.

ಕೊನೆಗೆ ಅವರ ಸಲಹೆಯಂತೆ ಒಂದೇ ಎಂಪಿಎಫ್‌ಐ ಜಿಪ್ಸಿಯಿಂದ ಕತ್ತರಿಸದ ವೈರಿಂಗ್, ಇಸಿಎಂ, ಇನ್‌ಟೇಕ್ ಮ್ಯಾನಿಫೋಲ್ಡ್, ಎಲ್ಲ ಸೆನ್ಸರ್ ಒಟ್ಟಿಗೆ ತಂದು ಹಾಕಿದೆವು. ಮೊದಲ ಸೆಲ್ಫಿಗೇ ಎಂಜಿನ್ ಹತ್ತಿಕೊಂಡಿತು. ಆದರೂ ಬಿಸಿಯಾದ ಮೇಲೆ ಮಿಸ್ಸಿಂಗ್, ಅಂದರೆ ಎಂಜಿನ್ ನಡುನಡುವೆ ಮುಗ್ಗರಿಸುತ್ತಿತ್ತು. ಅದಕ್ಕೆ ಕಾರಣ ಅರ್ತ್. ಎಂಜಿನ್ ರಬ್ಬರ್ ಮೌಂಟಿಂಗಿನ ಮೇಲೆ ಕೂತಿರುತ್ತದೆ, ಬ್ಲಾಕಿನಿಂದ ಚಾಸಿಗೂ ಬ್ಯಾಟರಿಯ ಮೈನಸ್ಸಿಗೂ ದಪ್ಪ ಪಟ್ಟಿ ಬೇಕೇ ಬೇಕು. ನಮ್ಮದರಲ್ಲಿ ಪೇಂಟಿನ ಮೇಲೇ ಬೋಲ್ಟ್ ಬಿಗಿದಿದ್ದರು. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೈನಸ್ಸಿಗೂ ಬ್ಲಾಕಿಗೂ ನಡುವೆ ಮೀಟರ್ ಹಿಡಿದರೆ 1.8 ವೋಲ್ಟ್ ತೋರಿಸಿತು. ಪೇಂಟ್ ಉಜ್ಜಿ ಹೊಸ ಪಟ್ಟಿ ಹಾಕಿದ ಮೇಲೆ 0.2ಕ್ಕಿಂತ ಕೆಳಗೆ ಬಂತು, ಮಿಸ್ಸಿಂಗ್ ಹೋಯಿತು. ಇಷ್ಟಕ್ಕೆ ಖರ್ಚಾದದ್ದು ನಾನೂರು ರೂಪಾಯಿ.

ಈಗ ಘಾಟಿಯ ವಿಷಯ. ಕಾರ್ಬೊರೇಟರಿನ ಪಂಪ್ ಕೊಡುವ ಒತ್ತಡ ಅರ್ಧ ಬಾರನ್ನೂ ಮುಟ್ಟುವುದಿಲ್ಲ. ಎಂಪಿಎಫ್‌ಐಗೆ ಬೇಕಾದದ್ದು ಎರಡೂವರೆಯಿಂದ ಮೂರು ಬಾರ್. ಗ್ಯಾರೇಜಿನವನು ಪಂಪ್ ಬದಲಾಯಿಸಿದ್ದ, ಹಳೇ ರಬ್ಬರ್ ಪೈಪನ್ನು ಹಾಗೇ ಬಿಟ್ಟಿದ್ದ. ವೈರಿಂಗ್ ನೋಡುವ ಭರದಲ್ಲಿ ನಾವ್ಯಾರೂ ಅದನ್ನು ಗಮನಿಸಲಿಲ್ಲ. ಮಾರನಹಳ್ಳಿ ದಾಟಿ ಇಳಿಯುವಾಗ ಮಗಳು "ಅಪ್ಪಾ, ಪೆಟ್ರೋಲ್ ವಾಸನೆ" ಅಂದಳು. ಬಾನೆಟ್ ಎತ್ತಿ ನೋಡಿದರೆ ಪೈಪ್ ಸೀಳಿ, ಎಕ್ಸಾಸ್ಟಿನಿಂದ ಒಂದು ಗೇಣು ದೂರದಲ್ಲಿ ಪೆಟ್ರೋಲ್ ಚಿಮ್ಮುತ್ತಿತ್ತು. ಆಫ್ ಮಾಡಿ ಇಬ್ಬರನ್ನೂ ಇಳಿಸಿ ದೂರ ಓಡಿಸಿದೆ. ಅದನ್ನು ನೆನೆದರೆ ಇವತ್ತಿಗೂ ಕೈ ನಡುಗುತ್ತದೆ. ಎಂಪಿಎಫ್‌ಐ ಒತ್ತಡ ತಡೆಯುವ ಪೈಪು, ಅದಕ್ಕೆ ತಕ್ಕ ಕ್ಲಿಪ್ಪು, ಎಂಜಿನ್ ನಿಂತರೆ ತಾನಾಗಿಯೇ ಪಂಪ್ ನಿಲ್ಲುವಂತೆ ಇಸಿಎಂ ಮೂಲಕ ಓಡುವ ರಿಲೇ, ಇವಿಷ್ಟೂ ಇಲ್ಲದೆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ. ಪಂಪಿಗೆ ನೇರ ಸ್ವಿಚ್ ಹಾಕಿಕೊಡುತ್ತೇನೆ ಅನ್ನುವವನ ಹತ್ತಿರ ಹೋಗಲೇಬೇಡಿ.

ಆರ್‌ಟಿಒ ವಿಷಯದಲ್ಲೂ ನಾನು ತಪ್ಪಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಎಂಜಿನ್ ಬದಲಾವಣೆಗೆ ಮೊದಲೇ ಅನುಮತಿ ಪಡೆಯಬೇಕು, ಆದ ಮೇಲೆ 14 ದಿನದೊಳಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. "ಆಮೇಲೆ ಮಾಡಿಸಿದರಾಯಿತು ಸಾರ್" ಅನ್ನುವ ಮಾತನ್ನು ನಂಬಿದೆ. ಹದಿನೈದು ವರ್ಷ ದಾಟಿದ ನನ್ನ ಗಾಡಿಯ ನೋಂದಣಿ ಐದೈದು ವರ್ಷಕ್ಕೆ ನವೀಕರಣ ಆಗಬೇಕು, ಈಗ ಬ್ಲಾಕಿನ ಮೇಲಿನ ನಂಬರು ಆರ್‌ಸಿಗೆ ಹೊಂದುತ್ತಿಲ್ಲ. ಗುಜರಿಯವನು ಕೊಟ್ಟದ್ದು ಒಂದು ಕೈಬರಹದ ಚೀಟಿ. ಗಾಡಿ ಶೆಡ್ಡಿನಲ್ಲಿ ನಿಂತಿದೆ, ನಾನು ಕಚೇರಿಗೆ ಅಲೆಯುತ್ತಿದ್ದೇನೆ.

ಈಗಾಗಲೇ ಅಡ್ವಾನ್ಸ್ ಕೊಟ್ಟಿದ್ದರೆ, ಎಂಜಿನ್ ಬಿಚ್ಚುವ ಮೊದಲು ಅದು ಆ ಗಾಡಿಯಲ್ಲೇ ಓಡುವುದನ್ನು ನಿಂತು ನೋಡಿ. ಇಸಿಎಂ ಮೇಲಿನ ಸ್ಟಿಕ್ಕರಿನ ನಂಬರಿನ ಫೋಟೋ ತೆಗೆದುಕೊಳ್ಳಿ. ಕೀಲಿ, ಕೀಲಿ ತೂತಿನ ಸುರುಳಿ, ಇಸಿಎಂ, ಪೂರ್ತಿ ವೈರಿಂಗ್, ಎಲ್ಲ ಆ ಒಂದೇ ಗಾಡಿಯದ್ದಾಗಿರಲಿ, ಒಂದು ವೈರೂ ಕತ್ತರಿಸದೆ ಬರಲಿ. ಎಂಜಿನ್ ನಂಬರ್, ಚಾಸಿ ನಂಬರ್ ಇರುವ ಬಿಲ್ ಕೈಗೆ ಬರುವವರೆಗೆ ಉಳಿದ ಹಣ ಕೊಡಬೇಡಿ.